ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಪೊರೆಯ ಅಭಿಸರಣೆ ಏಕೆ ಕಾಣುತ್ತಿಲ್ಲ?

ಈರುಳ್ಳಿಯ ಒಳಪೊರೆಯನ್ನು ಗಟ್ಟಿ ಉಪ್ಪುನೀರಿನಲ್ಲಿಟ್ಟು ನೋಡಿದರೂ ಬದಲಾವಣೆ ಕಾಣಲಿಲ್ಲ, ಆಮೇಲೆ ಸಾದಾ ನೀರು ಹಾಕಿದರೂ ಏನೂ ಆಗಲಿಲ್ಲ ಎಂದು ಬರೆದಿದ್ದೀರಿ. ಅಭಿಸರಣೆ ಎಂದರೆ ನೀರು ಕೋಶಪೊರೆಯ ಮೂಲಕ ತೆಳು ದ್ರಾವಣದಿಂದ ಗಟ್ಟಿ ದ್ರಾವಣದ ಕಡೆಗೆ ಸಾಗುವುದು. ಪಿಯುಸಿ ವಿದ್ಯಾರ್ಥಿಗಳಿಗೆ ಈ ಪ್ರಯೋಗವನ್ನು ಮಾಡಿಸುವವನಾದ ನನ್ನ ಅಂದಾಜಿನಲ್ಲಿ, ಇಲ್ಲಿ ತೊಡಕುಗಳು ಎರಡು: ಪೊರೆಗೆ ಬಣ್ಣವಿರಲಿಲ್ಲ, ಉಪ್ಪು ಅತಿಯಾಗಿತ್ತು.

ಬಣ್ಣವಿಲ್ಲದ ಜೀವಕೋಶದಲ್ಲಿ ಕೋಶಪೊರೆಯು ಹೊರಗಿನ ಕೋಶಭಿತ್ತಿಯನ್ನು ಬಿಟ್ಟು ಒಳಸರಿದರೂ, ಅದರ ಎರಡೂ ಬದಿಗೆ ತಿಳಿಯಾದ ದ್ರವವೇ ಇರುವುದರಿಂದ ಆ ಗಡಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಪ್ರಯೋಗಾಲಯಗಳಲ್ಲಿ ರಿಯೋ ಗಿಡದ ಎಲೆಯನ್ನು ಬಳಸುವುದು ಇದೇ ಕಾರಣಕ್ಕೆ. ಮೇಲೆ ಹಸಿರು, ಅಡಿಯಲ್ಲಿ ನೇರಳೆ ಇರುವ ಈ ಗಿಡವನ್ನು ಅಂದಕ್ಕಾಗಿ ಕುಂಡಗಳಲ್ಲಿ ಬೆಳೆಸುತ್ತಾರೆ. ನೇರಳೆ ಬಣ್ಣ ಕೊಡುವ ಆಂಥೋಸಯನಿನ್ ಕೋಶದೊಳಗಿನ ರಸ ತುಂಬಿದ ಚೀಲವಾದ ರಸದಾನಿಯೊಳಗೆ ಕರಗಿರುತ್ತದೆ. ನೀರು ಹೊರಹೋಗಿ ರಸದಾನಿ ಕುಗ್ಗಿದಂತೆ ಬಣ್ಣವೂ ಗಾಢವಾಗುತ್ತದೆ. ರಿಯೋ ಸಿಗದಿದ್ದರೆ ಕೆಂಪು ಈರುಳ್ಳಿಯ ಎಸಳಿನ ಹೊರಮೈಯಿಂದ ಸುಲಿದ ನೇರಳೆ ಪೊರೆಯೂ ಆಗುತ್ತದೆ.

ಎಲೆಯನ್ನು ಓರೆಯಾಗಿ ಹರಿದಾಗ ಅಂಚಿನಲ್ಲಿ ಬಿಟ್ಟುಕೊಳ್ಳುವ ತೆಳುಪೊರೆಯನ್ನು ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಕವರ್ ಸ್ಲಿಪ್ ಮುಚ್ಚಿ, ಮೊದಲು 10ಎಕ್ಸ್ ಮಸೂರದಲ್ಲಿ, ಬಳಿಕ 40ಎಕ್ಸ್‌ನಲ್ಲಿ ನೋಡಿ. ಬೆಳಕಿನ ಪ್ರಮಾಣವನ್ನು ಹೊಂದಿಸುವ ಡಯಾಫ್ರಮನ್ನು ಸ್ವಲ್ಪ ಕಿರಿದುಗೊಳಿಸಿದರೆ ಭಿತ್ತಿಗಳು ಸ್ಪಷ್ಟವಾಗುತ್ತವೆ. ಒಂದೇ ಕೋಶದ ಮೇಲೆ ಕಣ್ಣಿಟ್ಟು, ಕವರ್ ಸ್ಲಿಪ್‌ನ ಒಂದು ಅಂಚಿಗೆ ಸಕ್ಕರೆ ದ್ರಾವಣವನ್ನು ಬಿಟ್ಟು, ಎದುರಿನ ಅಂಚಿನಲ್ಲಿ ಬ್ಲಾಟಿಂಗ್ ಪೇಪರ್‌ನಿಂದ ನೀರನ್ನು ಹೀರಿಸಿ. 17.1 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಒಟ್ಟು 100 ಮಿ.ಲೀ.ಗೆ ತಂದರೆ 0.5 ಮೋಲಾರ್ ದ್ರಾವಣವಾಗುತ್ತದೆ (ಮೋಲಾರ್ ಎಂಬುದು ದ್ರಾವಣದ ಸಾಂದ್ರತೆಯ ಅಳತೆ). ಕೆಲವು ನಿಮಿಷಗಳಲ್ಲಿ ನೇರಳೆ ಬಣ್ಣ ಮೊದಲು ಕೋಶದ ಮೂಲೆಗಳಿಂದ ಬಿಟ್ಟುಕೊಂಡು, ಕ್ರಮೇಣ ನಡುವೆ ದುಂಡಗಿನ ಗಾಢ ಉಂಡೆಯಾಗುತ್ತದೆ. ಭಿತ್ತಿಗೂ ಕೋಶಪೊರೆಗೂ ನಡುವೆ ಉಳಿದ ಜಾಗದಲ್ಲಿ ಏನಿದೆ ಎಂದು ವೈವಾದಲ್ಲಿ ಕೇಳಿದರೆ ಹೆಚ್ಚಿನವರು ಗಾಳಿ ಎನ್ನುತ್ತಾರೆ. ಅಲ್ಲಿರುವುದು ಹೊರಗಿನ ಸಕ್ಕರೆ ದ್ರಾವಣವೇ, ಏಕೆಂದರೆ ಕೋಶಭಿತ್ತಿಯು ಸಕ್ಕರೆಯನ್ನು ತಡೆಯುವುದಿಲ್ಲ, ತಡೆಯುವುದು ಕೋಶಪೊರೆ.

ಇನ್ನು ಉಪ್ಪಿನ ವಿಷಯ. ಉಪ್ಪು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುವುದರಿಂದ ಅದೇ ಮೋಲಾರ್ ಪ್ರಮಾಣದ ಸಕ್ಕರೆಗಿಂತ ಸುಮಾರು ಇಮ್ಮಡಿ ಬಲವಾಗಿ ನೀರನ್ನು ಸೆಳೆಯುತ್ತದೆ. ಚಮಚದ ಲೆಕ್ಕದಲ್ಲಿ ಕಲಸಿದ ಉಪ್ಪುನೀರಿನಲ್ಲಿ ಕೋಶಗಳು ಸತ್ತುಹೋಗಿರಬಹುದು. ಸತ್ತ ಕೋಶದ ಕೋಶಪೊರೆಗೆ ಕೆಲವನ್ನಷ್ಟೇ ಆಯ್ದು ದಾಟಬಿಡುವ ಗುಣ ಉಳಿಯುವುದಿಲ್ಲ, ಆದ್ದರಿಂದ ನೀರು ಹಾಕಿದರೂ ಅದು ಚೇತರಿಸಿಕೊಳ್ಳುವುದಿಲ್ಲ. ಹದವಾದ ಸಕ್ಕರೆ ದ್ರಾವಣವಾದರೆ, ಅದೇ ಬ್ಲಾಟಿಂಗ್ ಪೇಪರ್ ಉಪಾಯದಿಂದ ನೀರು ಹರಿಸಿದಾಗ ಉಂಡೆ ಹಿಗ್ಗಿ ಮತ್ತೆ ಭಿತ್ತಿಯನ್ನು ತುಂಬುತ್ತದೆ. ನನ್ನ ಮಟ್ಟಿಗೆ, ಕುಗ್ಗುವುದಕ್ಕಿಂತ ಈ ಮರಳುವಿಕೆಯೇ ಪ್ರಯೋಗದ ಮುಖ್ಯ ಭಾಗ. ಹೋಲಿಕೆಗೆ ಕುದಿಸಿದ ಎಲೆಯ ಪೊರೆಯನ್ನೂ ನೋಡಿ: ಬಣ್ಣ ಸೋರಿಹೋಗಿರುತ್ತದೆ, ಕುಗ್ಗುವಿಕೆ ನಡೆಯುವುದಿಲ್ಲ.

ಡಚ್ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್ 1884ರಲ್ಲಿ ಬೇರೆಬೇರೆ ದ್ರಾವಣಗಳ ಬಲವನ್ನು ಹೋಲಿಸಿದ್ದು ಇದೇ ರಿಯೋ ಎಲೆಯ ಕೋಶಗಳಿಂದ. 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಪಡೆದ ವ್ಯಾಂಟ್ ಹಾಫ್ ಅಭಿಸರಣ ಒತ್ತಡದ ನಿಯಮವನ್ನು ರೂಪಿಸುವಾಗ ಆ ಅಳತೆಗಳನ್ನು ಬಳಸಿಕೊಂಡರು. ನೀವೂ 0.1ರಿಂದ 0.5 ಮೋಲಾರ್‌ವರೆಗೆ ಐದು ದ್ರಾವಣಗಳನ್ನು ಮಾಡಿಕೊಂಡು, ಸುಮಾರು ಅರ್ಧದಷ್ಟು ಕೋಶಗಳಲ್ಲಿ ಮೂಲೆ ಬಿಡುವುದು ಆಗಷ್ಟೇ ತೊಡಗುವ ದ್ರಾವಣ ಯಾವುದೆಂದು ನೋಡಿದರೆ, ಅದನ್ನೇ ಕೋಶರಸಕ್ಕೆ ಸರಿಸಮವೆಂದು ಹಿಡಿಯಬಹುದು. ಅದು 0.3 ಮೋಲಾರ್ ಆದರೆ, ವ್ಯಾಂಟ್ ಹಾಫ್ ನಿಯಮದ ಪ್ರಕಾರ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೋಶರಸದ ಅಭಿಸರಣ ಒತ್ತಡ ಸುಮಾರು 7.4 ಬಾರ್ (ಬಾರ್ ಎಂಬುದು ಒತ್ತಡದ ಅಳತೆ).