ಮನೆ ಕಂದಾಯದ ರಸೀದಿಯಲ್ಲೇ ಇದೆ ಗ್ರಂಥಾಲಯ

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ನಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ (ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ) ಎರಡು ವರ್ಷದಿಂದ ಒಂದೂ ಹೊಸ ಪುಸ್ತಕ ಬಂದಿಲ್ಲ. ಕೇಳಿದರೆ ‘ಅನುದಾನ ಇಲ್ಲ’ ಅನ್ನುತ್ತಾರೆ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಅನುದಾನದ ಮಾತು ಆಮೇಲೆ. ಮೊದಲು ಮನೆ ಕಂದಾಯದ ರಸೀದಿ ತೆಗೆದು ನೋಡಿ. ಕಂದಾಯ 1,000 ರೂಪಾಯಿ ಇದ್ದರೆ ಅದರ ಕೆಳಗೆ ಆರೋಗ್ಯ ಕರ 150, ಶಿಕ್ಷಣ ಕರ 100, ಗ್ರಂಥಾಲಯ ಕರ 60, ಭಿಕ್ಷುಕರ ಕರ 30 ಎಂದು ಸೇರಿಕೊಂಡಿರುತ್ತದೆ. ಗ್ರಂಥಾಲಯದ ಆ 60 ರೂಪಾಯಿಯನ್ನು ನೀವು ಆಗಲೇ ಕಟ್ಟಿದ್ದೀರಿ. ಇದಕ್ಕೆ ಆಧಾರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಮೊದಲಿಗೆ ರೂಪಾಯಿಗೆ 3 ಪೈಸೆ ಇತ್ತು, ಈಗ 6. ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸು (1948), ಹೈದರಾಬಾದ್ (1955), ಆಂಧ್ರಪ್ರದೇಶ (1960) ಇವುಗಳ ನಂತರ ಇಂಥ ಕಾಯ್ದೆ ಮಾಡಿದ್ದು ನಮ್ಮ ರಾಜ್ಯವೇ.

ಇನ್ನು ಯಾರನ್ನು ಕೇಳಬೇಕು ಎಂಬುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯ ಕೈಬಿಟ್ಟು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಹಾಗಾಗಿ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಅರ್ಜಿ ಬರೆದು ಕಾದರೆ ಫಲವಿಲ್ಲ. ನಿಮ್ಮ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನೇ ಕೇಳಿ. ಗ್ರಂಥಾಲಯದ ಮೇಲ್ವಿಚಾರಕರ ಮೇಲೆ ಹರಿಹಾಯಬೇಡಿ. ಹಣ ಬಿಡುಗಡೆ ಮಾಡುವ ಅಧಿಕಾರ ಅವರಿಗಿಲ್ಲ, ಅವರ ಗೌರವಧನದ ಗೋಳೇ ಬೇರೆ ಇದೆ.

ಕೇಳುವ ಮೊದಲು ಲೆಕ್ಕ ಮಾಡಿಕೊಂಡು ಹೋಗಿ. ಪಂಚಾಯಿತಿಯ ಕಂದಾಯ ಬೇಡಿಕೆ 8 ಲಕ್ಷ, ವಸೂಲಾದದ್ದು 5 ಲಕ್ಷ ಎಂದಿಟ್ಟುಕೊಳ್ಳಿ. ಆಗ ಗ್ರಂಥಾಲಯ ಕರದ ಬೇಡಿಕೆ 48,000 ಇದ್ದರೂ ಕೈಗೆ ಬಂದದ್ದು 30,000. ಬಹಳ ಮಂದಿ ಎಡವುವುದು ಇಲ್ಲೇ: ಬೇಡಿಕೆಯ ಅಂಕಿ ಹಿಡಿದು ವಾದಿಸುತ್ತಾರೆ, ‘ವಸೂಲಾಗಿಲ್ಲ ಸ್ವಾಮಿ’ ಎಂಬ ಒಂದೇ ಮಾತಿಗೆ ಸುಮ್ಮನಾಗುತ್ತಾರೆ. ವಸೂಲಾದ 30,000ವನ್ನೇ ಹಿಡಿಯಿರಿ. ದಿನಕ್ಕೆ 30 ರೂಪಾಯಿಯ ಪತ್ರಿಕೆ ತರಿಸಿದರೆ ವರ್ಷಕ್ಕೆ 10,950. ಕರೆಂಟು ತಿಂಗಳಿಗೆ 400ರಂತೆ 4,800. ಉಳಿಯುವುದು 14,250. ಸರಾಸರಿ 150 ರೂಪಾಯಿಯಂತೆ 95 ಪುಸ್ತಕ ಬರುತ್ತವೆ. ಗ್ರಾಮಸಭೆಯಲ್ಲಿ ‘ಗ್ರಂಥಾಲಯ ಅಭಿವೃದ್ಧಿ ಮಾಡಿ’ ಎಂದರೆ ನಡಾವಳಿಯಲ್ಲಿ ‘ಚರ್ಚಿಸಲಾಯಿತು’ ಎಂಬ ಸಾಲು ಬೀಳುತ್ತದೆ, ಅಷ್ಟೆ. ‘ಈ ವರ್ಷ 95 ಪುಸ್ತಕ, ಮಾರ್ಚ್ ಒಳಗೆ’ ಎಂದರೆ ಹೌದು ಅನ್ನಬೇಕು, ಇಲ್ಲವೇ ಅಲ್ಲ ಅನ್ನಬೇಕು.

ಲೆಕ್ಕ ಕೇಳಲು ಒಳ್ಳೆಯ ಜಾಗ ಜಮಾಬಂದಿ, ಅಂದರೆ ಪಂಚಾಯಿತಿಯ ಲೆಕ್ಕಪತ್ರಗಳನ್ನು ಜನರೆದುರು ತಪಾಸಣೆ ಮಾಡುವ ದಿನ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯುತ್ತದೆ. ಆ ದಿನ ಕಡತಗಳು ಸಾರ್ವಜನಿಕರ ಮುಂದಿರಬೇಕು. ಬೇಡಿಕೆ–ವಸೂಲಿ–ಬಾಕಿ ವಹಿಯಲ್ಲಿ ಗ್ರಂಥಾಲಯ ಕರದ ಕಾಲಂ ನೋಡಿ ಬರೆದುಕೊಳ್ಳಿ.

ಅಲ್ಲಿಯೂ ಸಿಗದಿದ್ದರೆ ಮಾಹಿತಿ ಹಕ್ಕು. ನಮೂನೆ ‘ಎ’, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಹೀಗೆ ಬರೆಯಿರಿ: ‘ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಗ್ರಂಥಾಲಯ ಕರದ ಬೇಡಿಕೆ, ವಸೂಲಿ ಮತ್ತು ಬಾಕಿಯ ವರ್ಷವಾರು ವಿವರ, ವಸೂಲಾದ ಮೊತ್ತ ಜಮೆಯಾದ ಖಾತೆ ಮತ್ತು ದಿನಾಂಕ, ಅದರಿಂದ ಮಾಡಿದ ವೆಚ್ಚದ ಬಿಲ್ಲುಗಳ ನಕಲು.’ ಇಷ್ಟೇ. ‘ಯಾಕೆ ಖರ್ಚು ಮಾಡಿಲ್ಲ?’ ಎಂದು ಸೇರಿಸಿದರೆ ಕೆಟ್ಟಿತು. ಕಡತದಲ್ಲಿರುವುದಷ್ಟೇ ಮಾಹಿತಿ, ‘ಯಾಕೆ’ ಎಂಬುದು ಮಾಹಿತಿಯಲ್ಲ ಎಂದು ಅರ್ಜಿ ವಾಪಸು ಬರುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ನಂತರದ 30 ದಿನದಲ್ಲಿ ಮೊದಲ ಮೇಲ್ಮನವಿ.

ಪ್ರಶ್ನೆ: ನಗರದಲ್ಲೂ ಇದೇ ಕರ ಇದೆಯೇ?
– ಬೆಂಗಳೂರು

ಉತ್ತರ: ಇದೆ, ಅದೇ 6 ಪೈಸೆ. ಆದರೆ ನಗರದಲ್ಲಿ ವಸೂಲಿ ಮಾಡುವುದು ಪಾಲಿಕೆ, ಖರ್ಚು ಮಾಡಬೇಕಾದದ್ದು ನಗರ ಗ್ರಂಥಾಲಯ ಪ್ರಾಧಿಕಾರ. ನಡುವಿನ ವರ್ಗಾವಣೆಯಲ್ಲೇ ಹಣ ನಿಲ್ಲುತ್ತದೆ. ಬೆಂಗಳೂರಿನ ಬಾಕಿ ನೂರಾರು ಕೋಟಿ ಎಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಆದ್ದರಿಂದ ನಗರದವರು ಎರಡು ಅರ್ಜಿ ಹಾಕಬೇಕು: ಎಷ್ಟು ಕೊಟ್ಟಿರಿ ಎಂದು ಪಾಲಿಕೆಗೆ, ಎಷ್ಟು ಬಂತು ಎಂದು ಗ್ರಂಥಾಲಯಕ್ಕೆ. ಎರಡೂ ಅಂಕಿ ಹೊಂದದಿದ್ದರೆ ನಿಮ್ಮ ಮನವಿ ಅಲ್ಲಿಂದ ಶುರು.

ಪ್ರಶ್ನೆ: ಗೆಳೆಯರೆಲ್ಲ ಸೇರಿ 400 ಪುಸ್ತಕ ದಾನ ಕೊಟ್ಟೆವು. ಆರು ತಿಂಗಳಾದರೂ ಗೋಣಿಚೀಲದಲ್ಲೇ ಇವೆ. ಇದು ಉದಾಸೀನವಲ್ಲವೇ?
– ತುಮಕೂರು

ಉತ್ತರ: ಪೂರ್ತಿ ಹಾಗೆನ್ನಲಾಗದು. ಪುಸ್ತಕವೊಂದು ಅಕ್ಸೆಶನ್ ರಿಜಿಸ್ಟರಿಗೆ (ಗ್ರಂಥಾಲಯದ ಪುಸ್ತಕಗಳ ದಾಖಲೆ ವಹಿಗೆ) ಹತ್ತಿತೆಂದರೆ ಅದು ಸರ್ಕಾರಿ ಸ್ವತ್ತು. ಕಳೆದರೆ ಮೇಲ್ವಿಚಾರಕರು ಉತ್ತರ ಕೊಡಬೇಕು, ಹರಿದರೂ ತಾವಾಗಿ ಬಿಸಾಡುವಂತಿಲ್ಲ. ಅನೇಕ ಕಡೆ ಒಳ್ಳೊಳ್ಳೆ ಪುಸ್ತಕಗಳಿಗೆ ಬೀರುವಿನ ಬೀಗ ಬಿದ್ದಿರುವುದಕ್ಕೆ ಕಾರಣ ಈ ಹೆದರಿಕೆಯೇ. ಕೆಲಸವೂ ಕಡಿಮೆಯಲ್ಲ. ನಂಬರು ಹಾಕಿ, ಶೀರ್ಷಿಕೆ ಪುಟಕ್ಕೂ ಒಳಗಿನ ಗುಟ್ಟಿನ ಪುಟಕ್ಕೂ (ಗುರುತಿಗೆಂದು ಗ್ರಂಥಾಲಯವೇ ಗೊತ್ತುಮಾಡಿಕೊಂಡ ಪುಟ) ಮೊಹರು ಒತ್ತಿ, ಬೆನ್ನಿಗೆ ಚೀಟಿ ಅಂಟಿಸಿ, ರಿಜಿಸ್ಟರಿನಲ್ಲಿ ಬರೆಯಲು ಪುಸ್ತಕಕ್ಕೆ 5 ನಿಮಿಷ ಹಿಡಿದರೆ 400ಕ್ಕೆ 33 ಗಂಟೆ. ಇರುವುದು ಒಬ್ಬರೇ ಮೇಲ್ವಿಚಾರಕರು.

ಹೋಗಿ ನಾಲ್ಕು ಭಾನುವಾರ ಜೊತೆಗೆ ಕೂತು ಚೀಟಿ ಅಂಟಿಸಿಕೊಡಿ. ಮುಂದಿನ ಸಲ ಮೊದಲು ಪಟ್ಟಿ ಕಳಿಸಿ, ಅವರು ಬೇಕೆಂದು ಗುರುತು ಹಾಕಿದ್ದನ್ನಷ್ಟೇ ಕೊಡಿ. ಹಳೇ ಗೈಡು, ಪಠ್ಯಕ್ರಮ ಬದಲಾದ ಪಠ್ಯಪುಸ್ತಕ, ಕಟ್ಟು ಬಿಚ್ಚಿದ ಮಾಸಪತ್ರಿಕೆ ಇವು ರದ್ದಿಯವರಿಗೆ. ಮನೆ ಖಾಲಿ ಮಾಡುವುದಕ್ಕೆ ದಾನ ಎಂಬ ಹೆಸರು ಬೇಡ.

ಪ್ರಶ್ನೆ: ಮಕ್ಕಳ ಸದಸ್ಯತ್ವಕ್ಕೆ ಎಷ್ಟು ಕಟ್ಟಬೇಕು?
– ಕೊಪ್ಪಳ

ಉತ್ತರ: ಪಂಚಾಯಿತಿ ಗ್ರಂಥಾಲಯಗಳಲ್ಲಿ ಏನೂ ಇಲ್ಲ. ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಉಚಿತ.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ಗ್ರಂಥಾಲಯದ ಪುಸ್ತಕಗಳಿಗೆ ಬೂಸ್ಟು. ನುಸಿಗುಳಿಗೆ ಹಾಕಿದರೂ ಹೋಗುತ್ತಿಲ್ಲ.
– ತೀರ್ಥಹಳ್ಳಿ

ಉತ್ತರ: ನುಸಿಗುಳಿಗೆ ಹುಳಕ್ಕೆ, ಬೂಸ್ಟಿಗಲ್ಲ. ಬೂಸ್ಟಿಗೆ ಬೇಕಾದದ್ದು ತೇವ ಮತ್ತು ನಿಂತ ಗಾಳಿ. ರ‍್ಯಾಕನ್ನು ಗೋಡೆಯಿಂದ ಅರ್ಧ ಅಡಿ ಮುಂದಕ್ಕೆ ಎಳೆಯಿರಿ, ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಪುಸ್ತಕಗಳನ್ನು ಇಡುಕಿರಿಸಬೇಡಿ, ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ಗಾಜಿನ ಬೀರು ಚೆಂದ ಕಂಡರೂ ಮಲೆನಾಡಿಗೆ ಅಪಾಯ, ಒಳಗಿನ ತೇವಕ್ಕೆ ದಾರಿಯೇ ಇಲ್ಲ. ಬೂಸ್ಟು ಹಿಡಿದದ್ದನ್ನು ಬೇರೆ ಮಾಡಿ, ಹೊರಗೆ ನೆರಳಿನಲ್ಲಿ ಗಾಳಿಗೆ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆ ಕಾಗದದೊಳಕ್ಕೆ ಇಳಿಯುತ್ತದೆ. ಸುಡುಬಿಸಿಲಿಗೆ ಹಾಕಿದರೆ ರಟ್ಟು ಬಿಲ್ಲಿನಂತೆ ಬಾಗುತ್ತದೆ.

ಪ್ರಶ್ನೆ: ಶಾಖಾ ಗ್ರಂಥಾಲಯ ಮುಚ್ಚುತ್ತಾರೆಂಬ ಸುದ್ದಿಯಿದೆ. 2,000 ಸಹಿ ಸಂಗ್ರಹಿಸಿ ನವೆಂಬರ್‌ನ ಗ್ರಂಥಾಲಯ ಸಪ್ತಾಹದಲ್ಲಿ ಕೊಡಬೇಕೆಂದಿದ್ದೇವೆ.
– ದಾವಣಗೆರೆ

ಉತ್ತರ: ನವೆಂಬರ್ 14ರಿಂದ 20ರವರೆಗೆ ಹಾರ, ಭಾಷಣ, ಫೋಟೊ. ಬಜೆಟ್ ಕೂಡಿಸುವುದು ಜನವರಿಯ ಆಸುಪಾಸಿಗೆ. ಮನವಿ ಆಗ ಕೊಡಿ. ಸಹಿಗಿಂತ ಭಾರವಾದದ್ದು ಹಾಜರಿ ಪುಸ್ತಕ. ಬರುವವರಲ್ಲಿ ಬಹಳ ಮಂದಿ ಅದರಲ್ಲಿ ಸಹಿ ಹಾಕದೇ ಪತ್ರಿಕೆ ಓದಿ ಹೋಗುತ್ತಾರೆ. ಹಾಜರಿ ಕಡಿಮೆ ಇದ್ದರೆ ‘ಯಾರೂ ಬರುವುದಿಲ್ಲ, ಮುಚ್ಚಬಹುದು’ ಎಂದು ಕಡತವೇ ಹೇಳುತ್ತದೆ. ಇಂದಿನಿಂದಲೇ ಎಲ್ಲರೂ ಸಹಿ ಹಾಕಿ. ಎರಡು ವಾರ ಗಂಟೆಗೊಮ್ಮೆ ಕುರ್ಚಿಯಲ್ಲಿರುವವರ ತಲೆ ಎಣಿಸಿ ಬರೆದಿಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಹಿರಿಯರು, ಮಕ್ಕಳು ಎಂದು ಬೇರೆ ಬೇರೆ ಕಾಲಂ ಇರಲಿ. ಮನವಿ ಒಂದೇ ಪುಟ, ಬೇಡಿಕೆ ಒಂದೇ. ಎರಡನೇ ಪ್ರತಿಗೆ ಟಪಾಲು ಮೊಹರು, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲಿಳಿಯಬೇಡಿ.