ನಮ್ಮೂರ ನೆರೆಯ ಫೋಟೊ ಯಾವ ಲೈಬ್ರರಿಯಲ್ಲಿ ಸಿಗುತ್ತವೆ?

ಪ್ರಶ್ನೆ: ಸರ್, 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಹೊಳೆ ಊರೊಳಗೆ ಬಂದಾಗ ನಾವು ಹುಡುಗರೆಲ್ಲ ಫೇಸ್‌ಬುಕ್‌ಗೆ ಫೋಟೊ, ವಿಡಿಯೊ ಹಾಕಿದ್ವಿ. ಯಾರ ಮನೆ ಬಿತ್ತು, ದನ ಎಲ್ಲಿ ಕಟ್ಟಿದ್ರು, ಎಲ್ಲಾ ಇತ್ತು. ಈಗ ಹುಡುಕಿದ್ರೆ ಅರ್ಧ ಸಿಗ್ತಿಲ್ಲ. ಬೇರೆ ದೇಶದಲ್ಲಿ ರಾಷ್ಟ್ರೀಯ ಗ್ರಂಥಾಲಯಗಳು ಇಂಥದ್ದನ್ನ ಕಾಪಾಡ್ತಾವಂತೆ. ನಮ್ಮದನ್ನೂ ಯಾರಾದ್ರೂ ಇಟ್ಟಿರ್ತಾರಾ?
– ಒಬ್ಬ ಓದುಗ, ಮುಧೋಳ ತಾಲ್ಲೂಕು

ಉತ್ತರ: ಯಾರೂ ಇಟ್ಟಿಲ್ಲ ಅಂತಲೇ ತಿಳಿದು ಇವತ್ತೇ ಕೆಲಸ ಶುರು ಮಾಡಿ. ನಮ್ಮ ದೇಶದ 1954ರ ಕಾಯ್ದೆ ಪ್ರಕಾರ ಹೊಸ ಪುಸ್ತಕದ ಪ್ರತಿಯನ್ನು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮತ್ತು ಇನ್ನು ಮೂರು ಗ್ರಂಥಾಲಯಗಳಿಗೆ ಪ್ರಕಾಶಕರು ಕಳಿಸಬೇಕು. 1956ರಲ್ಲಿ ಪತ್ರಿಕೆಗಳೂ ಸೇರಿದವು. ಆ ಕಾಯ್ದೆ ಬರೆದದ್ದು ಅಚ್ಚಾದದ್ದಕ್ಕೆ. ನಿಮ್ಮ ಪೋಸ್ಟ್ ಅದರಲ್ಲಿ ಬರೋದಿಲ್ಲ.

ಹೊರದೇಶದಲ್ಲೂ ಇದು ಸಲೀಸಾಗಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ ಟ್ವಿಟರ್‌ನ ಎಲ್ಲಾ ಸಾರ್ವಜನಿಕ ಟ್ವೀಟ್‌ಗಳನ್ನು ಕೂಡಿಡಲು ಒಪ್ಪಿತು. 2013ರ ಹೊತ್ತಿಗೆ ಸುಮಾರು 17,000 ಕೋಟಿ ಟ್ವೀಟ್ ಸೇರಿದ್ದವು. ಬರೀ ಅಕ್ಷರ, ಫೋಟೊ ವಿಡಿಯೊ ಇಲ್ಲ. ಮೊದಲ ನಾಲ್ಕು ವರ್ಷದ ಟ್ವೀಟ್‌ಗಳಲ್ಲಿ ಏನಾದರೂ ಒಂದು ಹುಡುಕಬೇಕೆಂದರೆ ಆಗ 24 ತಾಸು ಹಿಡಿಯಬಹುದಿತ್ತು! 2018ರಿಂದ ಅವರು ಮುಖ್ಯ ಅನ್ನಿಸಿದ್ದನ್ನು ಮಾತ್ರ ಆರಿಸಿ ಇಡುತ್ತಾರೆ. ಫೇಸ್‌ಬುಕ್ ಅಂತೂ ಇನ್ನೂ ಕಷ್ಟ, ಲಾಗಿನ್ ಇಲ್ಲದೆ ಒಳಗೆ ಬಿಡೋದಿಲ್ಲ, ವೆಬ್ ಪುಟಗಳನ್ನು ತಾವಾಗೇ ನಕಲು ಮಾಡಿಕೊಳ್ಳೋ ಗ್ರಂಥಾಲಯದ ತಂತ್ರಾಂಶಗಳು ಬಾಗಿಲಲ್ಲೇ ನಿಲ್ಲುತ್ತವೆ.

ನನಗೆ ಹಿಡಿಸಿದ್ದು ನ್ಯೂಜಿಲೆಂಡ್ ದಾರಿ. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಜನರನ್ನೇ ಕೇಳಿತು: ನಿಮ್ಮ ಫೇಸ್‌ಬುಕ್ ಡೌನ್‌ಲೋಡ್ ಮಾಡಿ ನಮಗೆ ದಾನ ಕೊಡಿ ಅಂತ. ನೀವೂ ಹಾಗೇ ಮಾಡಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಮಾಹಿತಿಯನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಪೋಸ್ಟ್, ಫೋಟೊ ಎಲ್ಲಾ ಒಟ್ಟಿಗೆ ಬರುತ್ತವೆ.

ಆದರೆ ಫೋಟೊ ಒಂದೇ ಸಾಲದು. ಗುಡಿಯ ಗೋಡೆ ಮೇಲೆ ಕೆಸರಿನ ಗೆರೆ ಇರೋ ಫೋಟೊ ಇದೆ ಅನ್ನಿ. ಯಾವ ಗುಡಿ, ಯಾವ ಓಣಿ, ಯಾವ ದಿನ ಅಂತ ಬರೆದಿಟ್ಟರೆ ನೀರು ಎಲ್ಲಿವರೆಗೆ ಏರಿತ್ತು ಅಂತ ಮುಂದೆ ಲೆಕ್ಕ ಹಾಕಬಹುದು. ಬರೆಯದಿದ್ದರೆ ಅದು ಸುಮ್ನೆ ಒಂದು ಗೋಡೆ. ಇನ್ನೊಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರೆ ತೆಗೆದ ದಿನ, ಜಾಗದ ವಿವರ ಅಳಿಸಿಹೋಗುತ್ತದೆ. ಫೋಟೊ ತೆಗೆದವರ ಮೊಬೈಲ್‌ನಿಂದಲೇ ಕೇಬಲ್ ಹಾಕಿ ತಗೊಳ್ಳಿ. ಫೋಟೊದಲ್ಲಿ ಇರೋರನ್ನು ಒಂದು ಮಾತು ಕೇಳಿ, ಬಿದ್ದ ಮನೆ ಮುಂದೆ ಅಳ್ತಾ ನಿಂತಿದ್ದನ್ನು ಎಲ್ಲರೂ ನೋಡಲಿ ಅಂತ ಎಲ್ಲರಿಗೂ ಅನ್ನಿಸೋದಿಲ್ಲ ಅಲ್ವಾ?

ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ, ಒಂದನ್ನು ಬೇರೆ ಊರಲ್ಲಿಡಿ, ಹೊಳೆ ಮತ್ತೆ ಬರಬಹುದು. ಆ ಹುಡುಗರು ಹಳೇ ಮೊಬೈಲ್ ಎಕ್ಸ್‌ಚೇಂಜ್‌ಗೆ ಕೊಡೋ ಮುಂಚೆ ಅವರ ಮನೆಗೆ ಹೋಗಿ ಬನ್ನಿ.