ನಮ್ಮದೇ ಆ್ಯಪ್, ನಮ್ಮದೇ ಕಂಪ್ಯೂಟರ್, ಆದರೂ ಇನ್‌ಸ್ಟಾಲ್ ಆಗ್ತಿಲ್ಲ!

ಪ್ರಶ್ನೆ: ಕುಶಾಲನಗರದಲ್ಲಿ ನಮ್ಮದೊಂದು ಚಿಕ್ಕ ಕಾಫಿ ಕ್ಯೂರಿಂಗ್ ವರ್ಕ್ಸ್ ಇದೆ. ಆಫೀಸು, ತೂಕದ ಜಾಗ, ಗೋದಾಮು ಎಲ್ಲ ಸೇರಿ 14 ಕಂಪ್ಯೂಟರ್. ಯಾವ ತೋಟದಿಂದ ಎಷ್ಟು ಚೀಲ ಚೆರ್ರಿ ಬಂತು, ಪಾರ್ಚ್‌ಮೆಂಟ್ ಎಷ್ಟು, ಔಟ್‌ಟರ್ನ್ ಎಷ್ಟು ಅಂತ ಬರೆದಿಡಲು ನಮ್ಮಲ್ಲೇ ಕೆಲಸ ಮಾಡುವ ಹುಡುಗ ಒಂದು ವಿಂಡೋಸ್ ಆ್ಯಪ್ ಮಾಡಿದ್ದಾನೆ. ಅವನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಬೇರೆ ಕಂಪ್ಯೂಟರ್‌ಗೆ ಹಾಕಲು ಹೋದರೆ, ಪಬ್ಲಿಷರ್‌ನ ಸರ್ಟಿಫಿಕೇಟ್ ನಂಬಲು ಆಗುವುದಿಲ್ಲ ಎಂದು ತೋರಿಸಿ ನಿಂತುಬಿಡುತ್ತದೆ. ರಿಪೇರಿಯವರು ‘ಒಂದೊಂದು ಸಿಸ್ಟಂಗೂ ಮೈಕ್ರೋಸಾಫ್ಟ್‌ನಿಂದ ಬೇರೆ ಕೀ ತಗೋಬೇಕು’ ಅಂತಾರೆ. ನಿಜವೇ? ನಮ್ಮಲ್ಲಿ ಕೆಲವು ಪ್ರೊ, ಕೆಲವು ಹೋಮ್ ವಿಂಡೋಸ್ ಇವೆ.

ಉತ್ತರ: ಒಂದು ಕಾಲಕ್ಕೆ ನಿಜವಾಗಿತ್ತು. ಈಗ ಅಲ್ಲ. ನಿಮ್ಮ ರಿಪೇರಿಯವರು ಹೇಳುತ್ತಿರುವುದು ವಿಂಡೋಸ್ 8ರ ಕಥೆ. 2012ರಲ್ಲಿ ಅದು ಬಂದಾಗ, ಹೊಸ ನಮೂನೆಯ ಆ್ಯಪ್‌ಗಳನ್ನು ಸ್ಟೋರ್ ಬಿಟ್ಟು ಬೇರೆ ದಾರಿಯಿಂದ ಹಾಕಲು ಒಂದೋ ಎಂಟರ್‌ಪ್ರೈಸ್ ಆವೃತ್ತಿ ಇದ್ದು ಕಂಪ್ಯೂಟರ್ ಡೊಮೇನ್‌ಗೆ (ಆಫೀಸಿನ ಎಲ್ಲ ಕಂಪ್ಯೂಟರನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಜಾಲಕ್ಕೆ) ಸೇರಿರಬೇಕಿತ್ತು, ಇಲ್ಲವಾದರೆ ದುಡ್ಡು ಕೊಟ್ಟು ಸೈಡ್‌ಲೋಡಿಂಗ್ ಕೀ ತರಬೇಕಿತ್ತು. 2015ರಲ್ಲಿ ವಿಂಡೋಸ್ 10 ಬಂದ ಮೇಲೆ ಆ ಕೀಯ ಗೋಜು ಹೋಯಿತು. ಮೊದಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಸೈಡ್‌ಲೋಡ್ ಅನ್ನುವ ಆಯ್ಕೆಯನ್ನು ನಾವೇ ಆನ್ ಮಾಡಬೇಕಿತ್ತು. 2020ರ 2004 ಎಂಬ ಆವೃತ್ತಿಯಿಂದ ಅದೂ ಬೇಡ, ಮೊದಲೇ ಆನ್ ಆಗಿರುತ್ತದೆ. ಹಾಗಾಗಿ ಯಾರಾದರೂ ‘ಸೈಡ್‌ಲೋಡಿಂಗ್ ಲೈಸೆನ್ಸ್’ ಅಂತ ಕೊಟೇಶನ್ ಕೊಟ್ಟರೆ, ಅದು ಯಾವುದಕ್ಕೆ ಅಂತ ಬಿಡಿಸಿ ಕೇಳಿ.

ಹಾಗಾದರೆ ತಡೆಯುತ್ತಿರುವುದು ಏನು? ಸಹಿ. ಹುಡುಗ ಕೊಟ್ಟಿರುವುದು ಎಂಎಸ್‌ಐಎಕ್ಸ್ ಫೈಲ್, ಅಂದರೆ ಆ್ಯಪನ್ನು ಇನ್‌ಸ್ಟಾಲ್ ಮಾಡಲು ಕಟ್ಟಿಕೊಡುವ ಪ್ಯಾಕೇಜ್, ಇರಬೇಕು. ಅದರ ಮೇಲೆ ಡಿಜಿಟಲ್ ಸಹಿ ಇರಲೇಬೇಕು, ಆ ಸಹಿಯನ್ನು ನಿಮ್ಮ ಕಂಪ್ಯೂಟರ್ ನಂಬಲೂಬೇಕು. ಅವನು ತನ್ನ ಲ್ಯಾಪ್‌ಟಾಪ್‌ನಲ್ಲೇ ಒಂದು ಸರ್ಟಿಫಿಕೇಟ್ ತಯಾರಿಸಿ ಸಹಿ ಹಾಕಿರುತ್ತಾನೆ. ಅವನ ಲ್ಯಾಪ್‌ಟಾಪ್‌ಗೆ ಅವನ ಪರಿಚಯ ಇದೆ. ಗೋದಾಮಿನ ಕಂಪ್ಯೂಟರ್‌ಗೆ ಅವನು ಯಾರೋ ಏನೋ. ಅಷ್ಟೇ ವಿಷಯ.

ಪರಿಚಯ ಮಾಡಿಸುವುದು ಸುಲಭ. ಅವನಿಂದ ಸಿಇಆರ್ ಫೈಲ್ (ಗುಟ್ಟಿನ ಕೀ ಇಲ್ಲದ, ಬರೀ ಸರ್ಟಿಫಿಕೇಟ್ ಇರುವ ಫೈಲ್) ತಗೊಂಡು ಪ್ರತಿ ಕಂಪ್ಯೂಟರ್‌ನಲ್ಲೂ ಅಡ್ಮಿನ್ ಆಗಿ ಇನ್‌ಸ್ಟಾಲ್ ಮಾಡಿ. ಎಲ್ಲಿಗೆ ಎಂದು ಕೇಳಿದಾಗ ‘ಲೋಕಲ್ ಮಷಿನ್’ ಆರಿಸಿ, ಆಮೇಲೆ ‘ಟ್ರಸ್ಟೆಡ್ ಪೀಪಲ್’ ಎಂಬ ಜಾಗದಲ್ಲಿ ಇಡಿ. ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲೇ. ‘ಕರೆಂಟ್ ಯೂಸರ್’ ಆರಿಸಿ, ಸರ್ಟಿಫಿಕೇಟ್ ಹಾಕಿದರೂ ಆಗ್ತಿಲ್ಲ ಅಂತ ಫೋನ್ ಮಾಡುತ್ತಾರೆ. ಇನ್ನು ಕೆಲವರು ಯಾವುದಕ್ಕೂ ಇರಲಿ ಅಂತ ‘ಟ್ರಸ್ಟೆಡ್ ರೂಟ್’ನಲ್ಲೂ ತುರುಕುತ್ತಾರೆ. ಅದು ಬೇಡ. ಒಬ್ಬರಿಗೆ ಬಾಗಿಲು ತೆಗೆಯಲು ಹೋಗಿ ಮನೆಯ ಕೀಗೊಂಚಲನ್ನೇ ಕೊಟ್ಟಂತೆ ಆಗುತ್ತದೆ.

ಪಿಎಫ್‌ಎಕ್ಸ್ ಎಂಬ ಇನ್ನೊಂದು ಫೈಲ್ ಇರುತ್ತದೆ. ಸಹಿ ಹಾಕುವ ಗುಟ್ಟಿನ ಕೀ ಇರುವುದು ಅದರಲ್ಲಿ. ಅದು 14 ಕಂಪ್ಯೂಟರ್‌ಗೂ ಹೋಗಬಾರದು, ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಂತೂ ಬರಲೇಬಾರದು. ಅದು ಸಿಕ್ಕವರು ನಿಮ್ಮ ಹೆಸರಿನಲ್ಲಿ ಯಾವ ಆ್ಯಪ್‌ಗೆ ಬೇಕಾದರೂ ಸಹಿ ಹಾಕಬಹುದು, ನಿಮ್ಮ ಕಂಪ್ಯೂಟರ್‌ಗಳು ಕಣ್ಣುಮುಚ್ಚಿ ನಂಬುತ್ತವೆ. ಆದರೆ ಹುಡುಗನ ಲ್ಯಾಪ್‌ಟಾಪ್ ಒಂದರಲ್ಲೇ ಇದ್ದರೂ ಕಷ್ಟ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಹಾಕಿ ಬೀರುವಿನಲ್ಲಿಡಿ, ಪಾಸ್‌ವರ್ಡ್ ಬೇರೆ ಕಡೆ ಬರೆದಿಡಿ.

ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು. ಒಂದು ಕಕ್ಕಡದ ಮಳೆಯಲ್ಲಿ ನನ್ನ ಲ್ಯಾಪ್‌ಟಾಪ್ ನೆಂದು ಡಿಸ್ಕ್ ಹೋಯಿತು, ಜೊತೆಗೆ ಪಿಎಫ್‌ಎಕ್ಸ್ ಕೂಡ. ಹೊಸ ಸರ್ಟಿಫಿಕೇಟ್ ಮಾಡಿದೆ, ಹೆಸರನ್ನು ಸ್ವಲ್ಪ ಬೇರೆ ಥರ ಬರೆದೆ. ಪಬ್ಲಿಷರ್ ಹೆಸರು ಒಂದಕ್ಷರ ಬೇರೆಯಾದರೂ ವಿಂಡೋಸ್‌ಗೆ ಅದು ಬೇರೆಯೇ ಆ್ಯಪ್. ಹಳೆಯದರ ಮೇಲೆ ಅಪ್‌ಡೇಟ್ ಕೂರಲಿಲ್ಲ. ಹಳೆಯದನ್ನು ತೆಗೆದೆ, ಅದು ತನ್ನ ಫೋಲ್ಡರ್‌ನಲ್ಲಿ ಇಟ್ಟುಕೊಂಡಿದ್ದ ಲೆಕ್ಕವನ್ನೂ ಹೊತ್ತುಕೊಂಡು ಹೋಯಿತು. ಎರಡು ತಿಂಗಳ ಹಾಜರಿ ಲೆಕ್ಕವನ್ನು ತೋಟದ ರೈಟರ್ (ಲೆಕ್ಕ ಬರೆಯುವವರು) ಪುಸ್ತಕದಿಂದ ಮತ್ತೆ ಟೈಪ್ ಮಾಡಿದ್ದು ನಾನೇ. ಪುಸ್ತಕ ಬರೆಯುವುದನ್ನು ಅವರು ನಿಲ್ಲಿಸಿರಲಿಲ್ಲ, ಪುಣ್ಯ.

ಸಹಿ ಹಾಕುವಾಗ ಟೈಮ್‌ಸ್ಟ್ಯಾಂಪ್ (ಸಹಿ ಯಾವಾಗ ಬಿತ್ತು ಎನ್ನುವ ಮುದ್ರೆ) ಸೇರಿಸಲು ಹುಡುಗನಿಗೆ ಹೇಳಿ. ಇಲ್ಲದಿದ್ದರೆ ಸರ್ಟಿಫಿಕೇಟ್ ಅವಧಿ ಮುಗಿದ ದಿನವೇ ಹೊಸ ಕಂಪ್ಯೂಟರ್‌ಗೆ ಹಾಕಲು ಆಗುವುದಿಲ್ಲ. ದುಡ್ಡು ಕೊಟ್ಟು ಹೊರಗಿನ ಕಂಪನಿಯ ಸರ್ಟಿಫಿಕೇಟ್ ಕೊಳ್ಳಬೇಕಾ? ನಿಮ್ಮ 14 ಕಂಪ್ಯೂಟರ್‌ಗಷ್ಟೇ ಆದರೆ ಬೇಡ ಅನ್ನುತ್ತೇನೆ. 2023ರ ಜೂನ್‌ನಿಂದ ಅಂಥ ಸರ್ಟಿಫಿಕೇಟ್‌ನ ಕೀಯನ್ನು ಯುಎಸ್‌ಬಿ ಟೋಕನ್‌ನಂಥ ಹಾರ್ಡ್‌ವೇರ್‌ನಲ್ಲೇ ಇಡಬೇಕೆಂಬ ನಿಯಮ ಬಂದಿದೆ. ಖರ್ಚೂ ಜಾಸ್ತಿ, ರಗಳೆಯೂ ಜಾಸ್ತಿ. ನಾಳೆ ಬೇರೆಯವರಿಗೂ ಆ್ಯಪ್ ಮಾರುತ್ತೀರಿ ಅಂದರೆ ಆಗ ಯೋಚಿಸಿ.

ಹೋಮ್ ವಿಂಡೋಸ್‌ನಲ್ಲೂ ಈ ಆ್ಯಪ್ ಕೂರುತ್ತದೆ. ಹೋಮ್ ಅನ್ನು ಡೊಮೇನ್‌ಗೆ ಸೇರಿಸಿ ಒಂದೇ ಕಡೆಯಿಂದ ಎಲ್ಲಕ್ಕೂ ಹಾಕಲು ಆಗುವುದಿಲ್ಲ, ಅದಕ್ಕೆ ಪ್ರೊ ಬೇಕು. ಆದರೆ 14 ಕಂಪ್ಯೂಟರ್‌ಗೆ ಒಂದು ಸಲ ಪೆನ್‌ಡ್ರೈವ್ ಹಿಡಿದು ಓಡಾಡುವುದೇನು ಮಹಾ? ಆಮೇಲಿನ ಅಪ್‌ಡೇಟ್‌ಗೆ ಆಫೀಸಿನ ಶೇರ್ಡ್ ಫೋಲ್ಡರ್‌ನಲ್ಲಿ ಒಂದು ಆ್ಯಪ್‌ಇನ್‌ಸ್ಟಾಲರ್ ಫೈಲ್ ಇಟ್ಟರೆ ಸಾಕು. ಆ್ಯಪ್ ತೆರೆದಾಗ ತಾನೇ ಹೋಗಿ ಹೊಸದು ಬಂದಿದೆಯಾ ಅಂತ ನೋಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಹೇಗಿರುತ್ತದೆ ಗೊತ್ತಲ್ವಾ, ಅದಕ್ಕೇ ಒಳಗಿನ ಫೋಲ್ಡರ್ ವಾಸಿ. ವೆಬ್ ಪುಟದ ಲಿಂಕ್ ಒತ್ತಿ ನೇರವಾಗಿ ಇನ್‌ಸ್ಟಾಲ್ ಆಗುವ ಸೌಲಭ್ಯವನ್ನು ಕಳ್ಳರು ದುರುಪಯೋಗ ಮಾಡಿಕೊಂಡರು ಅಂತ 2023ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಆಫ್ ಮಾಡಿಟ್ಟಿತು. ಹಳೆಯ ವಿಡಿಯೋ ನೋಡಿ ಅದನ್ನು ಮಾಡಲು ಹೋಗಬೇಡಿ.

ಪ್ರಶ್ನೆ: ಗೋಣಿಕೊಪ್ಪದ ಹತ್ತಿರ ನಮ್ಮ ತೋಟ. ಚೆಕ್‌ರೋಲ್ (ಕೆಲಸಗಾರರ ಹಾಜರಿ ಪಟ್ಟಿ) ಮತ್ತು ವಾರದ ಬಟವಾಡೆಗೆ ಹೊರಗಿನ ಒಬ್ಬರಿಂದ ಆ್ಯಪ್ ಮಾಡಿಸಿದೆವು, ಪೂರ್ತಿ ಹಣ ಕೊಟ್ಟಿದ್ದೇವೆ. ಈಗ ಹೊಸ ಕಂಪ್ಯೂಟರ್‌ಗೆ ಹಾಕಬೇಕು ಅಂದರೆ ಮತ್ತೆ ಹಣ ಕೇಳುತ್ತಾರೆ, ಸೋರ್ಸ್ ಕೋಡ್ ಕೊಡುವುದಿಲ್ಲ ಅನ್ನುತ್ತಾರೆ. ದುಡ್ಡು ನಮ್ಮದು, ಆ್ಯಪ್ ನಮ್ಮದೇ ಅಲ್ವಾ?

ಉತ್ತರ: ನಿಮಗೆ ಬೇಜಾರಾಗಬಹುದು, ಆದರೆ ಕಾಗದದಲ್ಲಿ ಬರೆಸಿಕೊಂಡಿಲ್ಲದಿದ್ದರೆ ಬಹುಶಃ ಅಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸಂಬಳಕ್ಕಿರುವ ನೌಕರ ಕೆಲಸದ ಭಾಗವಾಗಿ ಬರೆದ ಪ್ರೋಗ್ರಾಂ ಮಾಲೀಕರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಹೊರಗಿನವರು ಗುತ್ತಿಗೆಗೆ ಬರೆದುಕೊಟ್ಟರೆ ಸಾಮಾನ್ಯವಾಗಿ ಅದು ಬರೆದವರದ್ದೇ. ನಿಮಗೆ ಸಿಕ್ಕಿರುವುದು ಬಳಸುವ ಹಕ್ಕು. ಮೇಲಿನ ಕ್ಯೂರಿಂಗ್ ವರ್ಕ್ಸ್‌ನವರು ಈ ವಿಷಯದಲ್ಲಿ ನೆಮ್ಮದಿಯಾಗಿದ್ದಾರೆ, ಹುಡುಗ ಅವರ ನೌಕರ.

ಹಕ್ಕು ನಿಮಗೆ ಬರಬೇಕಾದರೆ ಸಹಿ ಇರುವ ವರ್ಗಾವಣೆ ಪತ್ರ ಬೇಕು, ಬಾಯಿಮಾತು ನಡೆಯುವುದಿಲ್ಲ. 19ನೇ ಸೆಕ್ಷನ್‌ನಲ್ಲಿ ಒಂದು ಗುಂಡಿಯೂ ಇದೆ: ಪತ್ರದಲ್ಲಿ ಅವಧಿ ಬರೆಯದಿದ್ದರೆ ಬರೀ 5 ವರ್ಷ ಎಂದು ಲೆಕ್ಕ. ‘ಕಾಪಿರೈಟ್‌ನ ಪೂರ್ತಿ ಅವಧಿಗೆ’ ಅಂತ ಸ್ಪಷ್ಟವಾಗಿ ಬರೆಸಿ. ಸೋರ್ಸ್ ಕೋಡ್, ಸಹಿಯ ಕೀ, ಡೇಟಾಬೇಸ್ ಪಾಸ್‌ವರ್ಡ್ ಮೂರೂ ಪತ್ರದಲ್ಲಿ ಇರಲಿ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ವಕೀಲರೊಬ್ಬರಿಗೆ ತೋರಿಸಿ. ಆ್ಯಪ್ ಮಾಡಿಕೊಟ್ಟವರ ಜೊತೆ ಜಗಳ ಶುರು ಮಾಡುವ ಮುಂಚೆ, ಇವತ್ತೇ, ಎಲ್ಲ ಹಾಜರಿ ಲೆಕ್ಕವನ್ನೂ ಎಕ್ಸೆಲ್‌ಗೆ ಇಳಿಸಿಕೊಳ್ಳಿ.

ಪ್ರಶ್ನೆ: ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುತ್ತೇವೆ. ಬುಕಿಂಗ್ ಆ್ಯಪ್ ನಮ್ಮ ಮಗಳೇ ಮಾಡಿದ್ದು. ಬಿಲ್ ಮಾತ್ರ ಎಕ್ಸೆಲ್‌ನಲ್ಲಿ ಬರುತ್ತದೆ, ಆ ಎಕ್ಸೆಲ್ ಯಾರೋ ಕ್ರ್ಯಾಕ್ ಮಾಡಿ ಹಾಕಿಕೊಟ್ಟದ್ದು. ನಮ್ಮಂಥ ಸಣ್ಣವರಿಗೆ ತೊಂದರೆ ಆಗುತ್ತದಾ?

ಉತ್ತರ: ಸಣ್ಣವರು ಅಂತ ಕಾಪಿರೈಟ್ ಕಾಯ್ದೆಯಲ್ಲಿ ರಿಯಾಯಿತಿ ಇಲ್ಲ. ಗೊತ್ತಿದ್ದೂ ಕಳ್ಳ ಪ್ರತಿ ಬಳಸಿದರೆ 63ಬಿ ಸೆಕ್ಷನ್ ಪ್ರಕಾರ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಬಳಸಿಲ್ಲ ಎಂದಾದರೆ ಮಾತ್ರ ಕೋರ್ಟ್ ಜೈಲು ಬಿಟ್ಟು ದಂಡ ಹಾಕಬಹುದು. ಹೋಂಸ್ಟೇ ವ್ಯಾಪಾರವೇ ಆಯ್ತಲ್ಲ. ಬಿಲ್ ಪ್ರಿಂಟ್ ಮಾಡಲು ಎಕ್ಸೆಲ್ಲೇ ಬೇಕೆಂದಿಲ್ಲ, ಲಿಬ್ರೆಆಫೀಸ್ ವ್ಯಾಪಾರಕ್ಕೂ ಉಚಿತ. ಮಗಳಿಗೆ ಇನ್ನೊಂದು ಮಾತು ಹೇಳಿ: ಡೇಟಾಬೇಸ್‌ಗೆ ಎಸ್‌ಕ್ಯುಎಲ್ ಸರ್ವರ್ ಡೆವಲಪರ್ ಆವೃತ್ತಿ ಹಾಕಿದ್ದರೆ, ಅದು ಉಚಿತವಾದರೂ ಆ್ಯಪ್ ಬರೆದು ಪರೀಕ್ಷಿಸಲು ಮಾತ್ರ. ದಿನದ ವ್ಯವಹಾರ ಅದರಲ್ಲಿ ನಡೆಸುವಂತಿಲ್ಲ. ಎಕ್ಸ್‌ಪ್ರೆಸ್ ಆವೃತ್ತಿ ಹಾಕಿದರೆ ಆಯ್ತು. 2022ರ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಜಾಗ ಇದೆ. ನಿಮ್ಮ ಹೋಂಸ್ಟೇಗೆ ಇಡೀ ಕೊಡಗಿನ ಪ್ರವಾಸಿಗಳು ಬಂದರೂ ತುಂಬುವುದಿಲ್ಲ.

ಪ್ರಶ್ನೆ: ಸೋಮವಾರಪೇಟೆಯ ನಮ್ಮ ಅಂಗಡಿಯ ಕಂಪ್ಯೂಟರ್‌ಗಳೆಲ್ಲ ವಿಂಡೋಸ್ 10. ನಮ್ಮ ಸ್ಟಾಕ್ ಆ್ಯಪ್ ನಿಂತುಹೋಗುತ್ತದಾ?

ಉತ್ತರ: ಆ್ಯಪ್ ನಿಲ್ಲುವುದಿಲ್ಲ. ಸುಮ್ನೆ ಹೆದರಿ ಎಲ್ಲವನ್ನೂ ಒಂದೇ ಸಲ ಬದಲಿಸಬೇಡಿ. ಆದರೆ 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಭದ್ರತಾ ಅಪ್‌ಡೇಟ್ ಮುಗಿಯಿತು. ಬ್ಯಾಂಕಿಂಗ್ ಮತ್ತು ಜಿಎಸ್‌ಟಿ ಮಾಡುವ ಕಂಪ್ಯೂಟರನ್ನು ಮೊದಲು ವಿಂಡೋಸ್ 11ಕ್ಕೆ ತನ್ನಿ. ನೆಟ್ ಇಲ್ಲದೆ ಬರೀ ಸ್ಟಾಕ್ ನೋಡುವ ಕಂಪ್ಯೂಟರ್ ಸ್ವಲ್ಪ ದಿನ ಕಾಯಬಹುದು.